ಬಚ್ಚಲ್ ಸಾರಮ್ಮನ ಮಗಳು

ಮಾಕಳಿದುರ್ಗದ ಬೆಟ್ಟದ ಬುಡದಲ್ಲಿ ಅಮ್ಮಯಮ್ಮನ ಹೋಟೆಲು ಇತ್ತು. ಹೋಟೆಲು ಅಂದರೆ ಶೀಟಿನ ಮಾಡು, ಎರಡು ಬೆಂಚು, ಹಿಂದುಗಡೆ ಸೌದೆ ಒಲೆ. ಬೆಳಿಗ್ಗೆ ಇಡ್ಲಿ, ಕಡ್ಲೆಕಾಯಿ ಚಟ್ನಿ. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು. ರೈಲ್ವೆ ಹಳಿ ರಿಪೇರಿಗೆ ಬರುವವರು ವಾರವೆಲ್ಲಾ ಅಲ್ಲೇ ಉಣ್ಣುತ್ತಿದ್ದರು. ಶನಿವಾರ ಭಾನುವಾರ ಬೆಂಗಳೂರಿನಿಂದ ಬೆಟ್ಟ ಹತ್ತಲು ಬರುವ ಹುಡುಗ ಹುಡುಗಿಯರು ಇಳಿದು ಬಂದವರೇ ಬೆವರು ಒರೆಸಿಕೊಳ್ಳುತ್ತಾ ಸಾಲಾಗಿ ಕೂತುಬಿಡುತ್ತಿದ್ದರು. ಗಂಡ ತೀರಿಹೋದ ಮೇಲೆ ಅಮ್ಮಯಮ್ಮ ಆ ಒಲೆಯ ಮುಂದೆಯೇ ಕೂತು ಒಬ್ಬಳೇ ಮಗಳು ಪ್ರಮೋದಾಳನ್ನು ಓದಿಸಿದಳು, ಅಣ್ಣನ ಮಗ ಮುನೀಂದ್ರನಿಗೆ ಕೊಟ್ಟು ಮದುವೆ ಮಾಡಿ ಇಬ್ಬರನ್ನೂ ತನ್ನ ಮನೆಯಲ್ಲೇ ಇಟ್ಟುಕೊಂಡಳು. ಪ್ರಮೋದಾ ದಾಬಸ್‌ಪೇಟೆಯ ಒಂದು ದೊಡ್ಡ ಗೋಡೌನಿನಲ್ಲಿ ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್ ಆಗಿದ್ದಳು. ಬೆಳಿಗ್ಗೆ ಕಂಪನಿ ಬಸ್ಸು ಹತ್ತುವ ಮುಂಚೆ ಅಮ್ಮನಿಗೆ ಸೊಪ್ಪು ಬಿಡಿಸಿಕೊಟ್ಟು ಹೋಗುತ್ತಿದ್ದಳು.

ಆ ಹೋಟೆಲಿಗೆ ಒಂದು ಭಾನುವಾರ ಅನಿಲ್‌ಕುಮಾರ್ ಬಂದ. ನೆಲಮಂಗಲದವನು. ಊರೂರು ಸುತ್ತಿ ಹೋಟೆಲುಗಳ ಊಟ ತಿಂದು, ಅದನ್ನು ಫೋನಿನಲ್ಲಿ ಹಿಡಿದು ಜನಕ್ಕೆ ತೋರಿಸುವವನು. ಅವನು ಚೆನ್ನಾಗಿದೆ ಅಂದ ಹೋಟೆಲಿನ ಮುಂದೆ ಮಾರನೆಯ ದಿನ ಕಾರು ನಿಲ್ಲಿಸಲು ಜಾಗ ಇರುತ್ತಿರಲಿಲ್ಲ. ಅಮ್ಮಯಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ. ಜನ ತುಂಬಿದ್ದರು. ಅವನು ಫೋನು ಹಿಡಿದು ನೇರ ಒಲೆಯ ಹತ್ತಿರ ಬಂದಾಗ, "ಸ್ವಲ್ಪ ತಡ್ಕೊಳಪ್ಪ, ಕೂತಿರೋರ್ದು ಆಗ್ಲಿ" ಅಂದಳು. ಅಷ್ಟೇ ಅವಳು ಮಾಡಿದ ತಪ್ಪು.

ಅವನು ತಡೆದುಕೊಂಡ. ಸರದಿ ಬಂದಾಗ ಉಂಡ. ಉಂಡ ಅನ್ನುವುದೂ ತಪ್ಪು. ಒಂದು ತುತ್ತು ಸಾರಿಗೆ ಅದ್ದಿ ಬಾಯಿಗೆ ಹಾಕಿಕೊಂಡವನೇ ಎದ್ದು, ರಸ್ತೆಗೆ ಹೋಗಿ, ಕ್ಯಾಮೆರಾ ಕಡೆ ತಿರುಗಿ ಥೂ ಎಂದು ಉಗಿದ. "ಇದು ಬಸ್ಸಾರಲ್ಲ ಗುರು, ಬಚ್ಚಲ್ ಸಾರು!" ಅಂದ. ಆಮೇಲೆ ಹಿಂದುಗಡೆ ಹೋಗಿ ಪಾತ್ರೆ ತೊಳೆಯುವ ತೊಟ್ಟಿಯನ್ನು ತೋರಿಸಿ, "ಇಲ್ಲಿಂದಲೇ ತೋಡಿ ಬಡಿಸ್ತಾರೆ" ಅಂದ.

ಲಕ್ಷಾಂತರ ಜನ ನೋಡಿದರು, ನಕ್ಕರು. ಮುಂದಿನ ಭಾನುವಾರ ಬಂದ ಹುಡುಗರು ಉಣ್ಣಲು ಬಂದವರಲ್ಲ. ಹೋಟೆಲಿನ ಮುಂದೆ ನಿಂತು ಒಬ್ಬ ಉಗಿಯುವುದು, ಇನ್ನೊಬ್ಬ ಅದನ್ನು ಫೋನಿನಲ್ಲಿ ಹಿಡಿಯುವುದು. ಬೈಕಿನಲ್ಲಿ ಹೋಗುವವರು "ಬಚ್ಚಲ್ ಸಾರಮ್ಮಾ!" ಎಂದು ಕೂಗಿ ಹೋಗುತ್ತಿದ್ದರು. ಅಮ್ಮಯಮ್ಮ ಕೆಲವು ವಾರ ಹಲ್ಲು ಕಚ್ಚಿಕೊಂಡು ಇಡ್ಲಿ ಬೇಯಿಸಿದಳು. ಒಂದು ದಿನ ಬೆಳಿಗ್ಗೆ ಒಲೆ ಹಚ್ಚಲಿಲ್ಲ. ಹೋಟೆಲು ಹೋಗಲಿ, ಮನೆಯಲ್ಲೂ ಸೌಟು ಹಿಡಿಯುವುದನ್ನು ಬಿಟ್ಟಳು.

"ನನ್ ಕೈನಾಗೆ ರುಚಿ ಇಲ್ಲ ಕಣಮ್ಮಿ. ನೀನೇ ಏನಾರ ಮಾಡ್ಕೊ" ಅನ್ನುತ್ತಿದ್ದಳು.

ಮೂರು ವರ್ಷ ಹೀಗೇ ಹೋಯಿತು. ಅಮ್ಮ ಮರೆತಿದ್ದಾಳೆ ಎಂದು ಊರಿನವರು ಅಂದುಕೊಂಡರು. ಮಗಳು ಮರೆಯಲಿಲ್ಲ. ಕಂಪನಿ ಬಸ್ಸಿನ ಕಿಟಕಿಯ ಪಕ್ಕ ಕೂತು ಪ್ರಮೋದಾ ದಿನವೂ ಅನಿಲನ ವಿಡಿಯೊ ನೋಡುತ್ತಿದ್ದಳು. ಅವನು ದಪ್ಪಗಾಗಿದ್ದನ್ನು ನೋಡಿದಳು, ಕಾರು ಕೊಂಡಿದ್ದನ್ನು ನೋಡಿದಳು. ಅವನ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿಕೊಳ್ಳಲಿ ಎಂದು ಹಾರೈಸುತ್ತಿದ್ದಳು. ಎದುರಿಗೆ ಸಿಕ್ಕರೆ ಏನನ್ನಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿ, ಅದು ಸಾಲದು ಅನ್ನಿಸಿ, ಮತ್ತೆ ಜೋಡಿಸುತ್ತಿದ್ದಳು.

ಹೀಗಿರುವಾಗ ಅನಿಲನೇ ಒಂದು ಪ್ರವಾಸ ಪ್ರಕಟಿಸಿದ. ಅಂಡಮಾನ್ ದ್ವೀಪಕ್ಕೆ, ತನ್ನ ಜೊತೆ, ಅಲ್ಲಿಯ ನಿಜವಾದ ಊಟ ಹುಡುಕಿಕೊಂಡು. "ಟೂರಿಸ್ಟ್ ಊಟ ಅಲ್ಲ ಗುರು, ಅಲ್ಲಿಯವರು ಏನ್ ತಿಂತಾರೋ ಅದು!" ಅಂತ ಎದೆ ತಟ್ಟಿಕೊಂಡು ಹೇಳಿದ. ಪ್ರಮೋದಾ ಅಂದೇ ಹೆಸರು ಕೊಟ್ಟಳು.

ಮುನೀಂದ್ರ ಗಾಬರಿಯಾದ. "ಹೊಡ್ದಾಟ ಗಿಡ್ದಾಟ ಮಾಡ್ಕೊಂಡು ಸ್ಟೇಷನ್‌ಗೆ ಹೋಗ್ಬೇಡ ಕಣೇ" ಅಂದ.

"ಹೊಡ್ಯಲ್ಲ. ಏನ್ ಮಾಡ್ತೀನೋ ನಂಗೇ ಗೊತ್ತಿಲ್ಲ" ಅಂದಳು ಅವಳು. ಅಮ್ಮನಿಗೆ ಕಂಪನಿ ಕಡೆಯಿಂದ ಕಳಿಸುತ್ತಿದ್ದಾರೆ ಎಂದು ಸುಳ್ಳು ಹೇಳಿದಳು.

ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಎಲ್ಲರೂ ಸೇರಿದರು. ಹೆಚ್ಚಿನವರು ಅನಿಲನ ವಿಡಿಯೊ ನೋಡಿ ಮೆಚ್ಚಿದವರು. ಹೊಸಕೋಟೆಯ ಗೋಪಾಲಪ್ಪ ಅನ್ನುವ ನಿವೃತ್ತ ಬಸ್ ಕಂಡಕ್ಟರು, ಹೆಂಡತಿ ಲಕ್ಕಮ್ಮನ ಜೊತೆ ಬಂದಿದ್ದರು. ಗೋಪಾಲಪ್ಪನಿಗೆ ಕಂಚಿನ ಗಂಟಲು, ಗಡಿಯಾರದಂಥ ಹೊಟ್ಟೆ. ಹೊತ್ತಿಗೆ ಸರಿಯಾಗಿ ಅನ್ನ ಬೀಳದಿದ್ದರೆ ಸುತ್ತಲಿನವರಿಗೆಲ್ಲಾ ತಿಳಿಯುತ್ತಿತ್ತು.

ಅನಿಲ ಒಬ್ಬೊಬ್ಬರ ಮುಂದೂ ಫೋನು ಹಿಡಿದು ಮಾತಾಡಿಸಿದ. "ಅಕ್ಕ, ನೀವು ಯಾವೂರು?"

"ಮಾಕಳಿದುರ್ಗ."

ಅವನ ಮುಖ ಅರಳಿತು. "ಓ! ಅಲ್ಲೊಂದು ವಿಡಿಯೊ ಮಾಡಿದ್ದೆ ಅಕ್ಕ. ಸಕ್ಕತ್ ಓಡ್ತು! ನೋಡಿದೀರಾ?"

"ನೋಡಿದೀನಿ" ಅಂದಳು ಪ್ರಮೋದಾ. ಅವನ ಮುಖದಲ್ಲಿ ನಾಚಿಕೆಯ ಎಳೆಯೂ ಇರಲಿಲ್ಲ. ತಾನು ತುಳಿದದ್ದು ಯಾರನ್ನು ಎಂಬ ನೆನಪೇ ಅವನಿಗೆ ಇರಲಿಲ್ಲ.

ಪೋರ್ಟ್ ಬ್ಲೇರ್‌ನಲ್ಲಿ ಇಳಿದಾಗ ಮೈಗೆ ಒದ್ದೆ ಬಟ್ಟೆ ಹೊದಿಸಿದಂಥ ಸೆಕೆ. ರಸ್ತೆ ಏರಿ ಇಳಿದ ಕಡೆಯೆಲ್ಲಾ ತೆಂಗಿನ ಮರಗಳ ನಡುವೆ ಸಮುದ್ರ ಇಣುಕುತ್ತಿತ್ತು. ಅನಿಲ ಅವರನ್ನು ನೇರ ಒಂದು ಹೋಟೆಲಿಗೆ ಕರೆದುಕೊಂಡು ಹೋದ. ಅಲ್ಲಿ ಗೋಬಿ ಮಂಚೂರಿ, ಪನೀರು, ಫ್ರೈಡ್ ರೈಸು. ಮೀನು ಅಂತ ಕೊಟ್ಟದ್ದರ ಮೇಲೆ ಹಿಟ್ಟು ಎಷ್ಟು ದಪ್ಪ ಇತ್ತೆಂದರೆ ಒಳಗಿರುವುದು ಮೀನೋ ಆಲೂಗಡ್ಡೆಯೋ ಹೇಳುವಂತಿರಲಿಲ್ಲ. ಅನಿಲ ಕ್ಯಾಮೆರಾ ಮುಂದೆ ಕಣ್ಣು ಮುಚ್ಚಿ, "ಆಹಾ, ದ್ವೀಪದ ರುಚಿ!" ಅಂದ. ರಾತ್ರಿಯೂ ಅಂಥದ್ದೇ ಇನ್ನೊಂದು ಹೋಟೆಲು. ಆ ಹೋಟೆಲಿನವರೆಲ್ಲಾ ಅವನನ್ನು ಕರೆಸಿಕೊಂಡವರು. ಜನರನ್ನು ತಂದು ಕೂರಿಸಿ, ಹೊಗಳಿ ವಿಡಿಯೊ ಮಾಡಿಕೊಡುತ್ತೇನೆ ಎಂದು ಅವನು ಮೊದಲೇ ಒಪ್ಪಿಕೊಂಡಿದ್ದ. ಎರಡನೆಯ ದಿನ ದೋಣಿಯಲ್ಲಿ ಸುತ್ತಿಸಿದಾಗ ಅವನು ಅಂಚಿಗೆ ಬಗ್ಗಿ ನೀರನ್ನು ಫೋನಿನಲ್ಲಿ ಹಿಡಿಯುತ್ತಿದ್ದ. ಪ್ರಮೋದಾ ಹಿಂದೆಯೇ ಕೂತಿದ್ದಳು. ಕೈ ಚಾಚಿದರೆ ಸಾಕಿತ್ತು. ಆ ಯೋಚನೆ ಬಂದದ್ದಕ್ಕೆ ಅವಳಿಗೆ ಹೆದರಿಕೆಯಾಗಲಿಲ್ಲ. ಇಷ್ಟು ಬೇಗ ಮುಗಿದುಹೋಗುವುದು ತನಗೆ ಬೇಡ ಅನ್ನಿಸಿತು, ಅಷ್ಟೆ.

"ನಾಲ್ಗೆ ಸತ್ತೋಯ್ತು ಕಣಮ್ಮ. ಒಂದ್ ಹಿಡಿ ಅನ್ನ, ಒಂದ್ ಸೌಟು ಸಾರು ಸಿಕ್ಕಿದ್ರೆ ಈ ಸಮುದ್ರಾನ ಅವ್ನಿಗೇ ಬಿಟ್ಕೊಡ್ತೀನಿ" ಎಂದು ಗೋಪಾಲಪ್ಪ ದಾರಿಯಲ್ಲಿ ಗೊಣಗಿದರು.

ಮಾರನೆಯ ದಿನ ಬೆಳಿಗ್ಗೆ ಎಲ್ಲರೂ ಮಲಗಿರುವಾಗಲೇ ಪ್ರಮೋದಾ ಹೊರಟಳು. ಹೋಟೆಲಿನ ಕಾವಲುಗಾರನನ್ನು ಕೇಳಲಿಲ್ಲ, ಫೋನು ನೋಡಲಿಲ್ಲ. ಮೈಮುರಿದು ದುಡಿಯುವವರು ಇರುವ ಕಡೆ ಹೊಟ್ಟೆ ತುಂಬುವ ಊಟ ಇದ್ದೇ ಇರುತ್ತದೆ ಎಂಬುದು ಅವಳು ಅಮ್ಮನ ಬೆಂಚಿನ ಮೇಲೆ ಕೂತ ಹಳಿ ರಿಪೇರಿಯವರನ್ನು ನೋಡಿ ಕಲಿತದ್ದು. ದೋಣಿಗಳು ಬಂದು ನಿಲ್ಲುವ ಜಂಗ್ಲಿಘಾಟ್ ಕಡೆ ಇಳಿದಳು. ಬುಟ್ಟಿಯಲ್ಲಿ ಮೀನು ಜೋಡಿಸುತ್ತಿದ್ದ ಹೆಂಗಸರು ತೆಲುಗಿನಲ್ಲಿ ಜಗಳವಾಡುತ್ತಿದ್ದರು. ಪ್ರಮೋದಾಳ ಅಜ್ಜಿ ಹಿಂದೂಪುರದ ಕಡೆಯವಳು, ಮನೆಯಲ್ಲಿ ಅರ್ಧ ಮಾತು ತೆಲುಗೇ.

"ಅಮ್ಮಾ, ಮೀರು ಎಕ್ಕಡ ತಿಂಟಾರು?" ನೀವೆಲ್ಲಿ ಉಣ್ಣುತ್ತೀರಿ ಎಂದು ಕೇಳಿದಳು.

ಹೆಂಗಸರು ಜಗಳ ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಒಬ್ಬಳು ಮೀನು ಹಿಡಿದ ಕೈಯಲ್ಲೇ ಓಣಿಯ ಕಡೆ ತೋರಿಸಿದಳು. ಓಣಿಯ ಕೊನೆಯಲ್ಲಿ ನೀಲಿ ಟಾರ್ಪಾಲು ಕಟ್ಟಿದ ಮನೆ, ಬೋರ್ಡಿಲ್ಲ. ಒಳಗೆ ಪೈಡಮ್ಮ ಅನ್ನುವ ಗಟ್ಟಿ ಹೆಂಗಸು ಅಗಲವಾದ ಪಾತ್ರೆಯಲ್ಲಿ ಮೀನಿನ ಪುಳುಸು ಕುದಿಸುತ್ತಿದ್ದಳು. ಅವಳ ಅಪ್ಪ ಶ್ರೀಕಾಕುಳಂ ಕಡೆಯಿಂದ ಹಡಗಿನಲ್ಲಿ ಬಂದು ಇಲ್ಲೇ ನಿಂತವನಂತೆ. ಬೆಳಗಿನ ದೋಣಿಯವರು ಆ ಹೊತ್ತಿಗೇ ಅನ್ನ ಉಣ್ಣುತ್ತಿದ್ದರು. ಪ್ರಮೋದಾಳೂ ಅವರ ನಡುವೆ ಜಾಗ ಮಾಡಿಕೊಂಡು ಕೂತಳು. ಬಿಸಿ ಅನ್ನ, ಅದರ ಮೇಲೆ ಹುಣಸೆಹುಳಿಯ ಕೆಂಪು ಪುಳುಸು, ಪಕ್ಕದಲ್ಲಿ ಎಲೆಯಷ್ಟು ತೆಳ್ಳಗೆ ಹುರಿದ ಸಣ್ಣ ಮೀನು, ಹಸಿ ತೆಂಗಿನಕಾಯಿಯ ಖಾರ. ಮೊದಲ ತುತ್ತಿಗೇ ಅವಳ ಕಣ್ಣಲ್ಲಿ ನೀರು ಬಂತು. ಖಾರ ಹೆಚ್ಚಾಯಿತೇ ಎಂದು ಪೈಡಮ್ಮ ಕೇಳಿದಳು. ಇಲ್ಲ ಎಂದು ಪ್ರಮೋದಾ ತಲೆಯಾಡಿಸಿ ಇನ್ನೊಂದು ಸಲ ಅನ್ನ ಹಾಕಿಸಿಕೊಂಡಳು.

ಅಂದು ಮಧ್ಯಾಹ್ನ ಗೋಪಾಲಪ್ಪ, ಲಕ್ಕಮ್ಮ ಅವಳ ಹಿಂದೆ ಬಂದರು. ಗೋಪಾಲಪ್ಪ ಉಂಡು ಎದ್ದು, ಪೈಡಮ್ಮನಿಗೆ ಕನ್ನಡದಲ್ಲೇ ಕೈಮುಗಿದು ದೀರ್ಘವಾಗಿ ಹರಸಿದರು. ಕೋಣೆಗೆ ಬಂದ ಮೇಲೆ ಅವರ ಕಂಚಿನ ಗಂಟಲು ಸುಮ್ಮನಿರಲಿಲ್ಲ. ಮರುದಿನ ಅನಿಲ ಏರ್ಪಾಡು ಮಾಡಿದ್ದ ಹೋಟೆಲಿನಲ್ಲಿ ಟೇಬಲುಗಳು ಖಾಲಿ. ಮಾಲೀಕ ಅವನನ್ನು ಪಕ್ಕಕ್ಕೆ ಕರೆದು ಬೈದದ್ದನ್ನು ಲಕ್ಕಮ್ಮ ಕಂಡು ಬಂದು ಹೇಳಿದಳು. ಪ್ರಮೋದಾಳಿಗೆ ಉಂಡಷ್ಟೇ ಸುಖವಾಯಿತು.

ಸಂಜೆಗೆ ಅನಿಲನೇ ಅವಳ ಬಳಿ ಬಂದ.

"ಅಕ್ಕ, ಏನೋ ಸೂಪರ್ ಜಾಗ ಹುಡುಕಿದೀರಂತೆ. ಎಲ್ಲಿ ಅಂತ ಹೇಳಿ. ನಾಳೆ ಕೊನೇ ದಿನ, ಅಲ್ಲಿಂದಲೇ ಲೈವ್ ಮಾಡ್ತೀನಿ. ನಾನೊಂದ್ಸಲ ತೋರಿಸಿದ್ರೆ ಆಯಮ್ಮನ ಲೈಫೇ ಚೇಂಜ್ ಆಗೋಗುತ್ತೆ."

ಪ್ರಮೋದಾ ಅವನ ಬಾಯಿಯನ್ನೇ ನೋಡಿದಳು. ಮೂರು ವರ್ಷ ಬಸ್ಸಿನ ಕಿಟಕಿಯಲ್ಲಿ ಜೋಡಿಸಿದ ಮಾತುಗಳೆಲ್ಲಾ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡಳು. "ಬನ್ನಿ, ನಾನೇ ಕರ್ಕೊಂಡ್ ಹೋಗ್ತೀನಿ. ಬೆಳಗ್ಗೆಯಿಂದ ಏನೂ ತಿನ್ಬೇಡಿ, ಹೊಟ್ಟೆ ಖಾಲಿ ಇಟ್ಕೊಂಡ್ ಬನ್ನಿ" ಅಂದಳು. ಅವನು ಥ್ಯಾಂಕ್ಸ್ ಹೇಳಿ ಹೋದ.

ಅವಳು ನೇರ ಪೈಡಮ್ಮನ ಮನೆಗೆ ಹೋದಳು. ಪೈಡಮ್ಮ ಮೆಟ್ಟಿಲ ಮೇಲೆ ಕೂತು ಮೀನು ಕತ್ತರಿಸುತ್ತಿದ್ದಳು. ಪ್ರಮೋದಾ ಪಕ್ಕದಲ್ಲಿ ಕೂತು ಅಮ್ಮನ ಕಥೆ ಹೇಳಿದಳು. ನಾಳೆ ಎಲ್ಲರಿಗೂ ಬಡಿಸು, ಅವನೊಬ್ಬನಿಗೆ ಬೇಡ ಎಂದು ಕೇಳಿದಳು.

ಪೈಡಮ್ಮ ಒಪ್ಪಲಿಲ್ಲ. ತನ್ನ ಮನೆಗೆ ಹಸಿದು ಬಂದ ಯಾರನ್ನೂ ಇವತ್ತಿನವರೆಗೆ ಬರಿ ಹೊಟ್ಟೆಯಲ್ಲಿ ಕಳಿಸಿಲ್ಲ ಅಂದಳು. ಪ್ರಮೋದಾ ವಾದ ಮಾಡಲಿಲ್ಲ. ಫೋನು ತೆಗೆದು ಆ ವಿಡಿಯೊ ತೋರಿಸಿದಳು. ಅದಕ್ಕೆ ಭಾಷೆ ಬೇಕಿರಲಿಲ್ಲ. ಅವನು ಉಗಿಯುವುದನ್ನು, ಹಿಂದೆ ಸೌಟು ಹಿಡಿದು ನಿಂತ ಮುದುಕಿ ಏನಾಯಿತು ಎಂದು ತಿಳಿಯದೆ ನಗಲು ನೋಡುವುದನ್ನು ಪೈಡಮ್ಮ ಒಮ್ಮೆ ನೋಡಿದಳು. ಮತ್ತೊಮ್ಮೆ ಹಾಕಿಸಿ ನೋಡಿದಳು.

"ಅವಳು ನಿಮ್ಮಮ್ಮನಾ?"

"ಹೂಂ."

"ಇದರಿಂದ ನಿನ್ನ ಹೋಟೆಲಿಗೆ ಕೆಟ್ಟ ಹೆಸರು ಬಂದರೂ ಬಂದೀತು" ಎಂದು ಪ್ರಮೋದಾಳೇ ಎಚ್ಚರಿಸಿದಳು.

ಪೈಡಮ್ಮ ಮೀನಿನ ತಲೆಯನ್ನು ಒಂದೇ ಏಟಿಗೆ ಕತ್ತರಿಸಿದಳು. "ನನ್ನ ಹತ್ತಿರ ತಿನ್ನುವವರು ದೋಣಿಯವರು. ಅವರು ಅವನ ಮಾತು ಕೇಳಿ ಬಂದವರಲ್ಲ. ಕರೆದುಕೊಂಡು ಬಾ" ಅಂದಳು.

ಮರುದಿನ ಮಧ್ಯಾಹ್ನ ನೀಲಿ ಟಾರ್ಪಾಲಿನ ಕೆಳಗೆ ಎಲ್ಲರೂ ಸಾಲಾಗಿ ಕೂತರು. ಅನಿಲ ನಡುವೆ ಕೂತು ಫೋನನ್ನು ಕೋಲಿಗೆ ಸಿಕ್ಕಿಸಿ ಎದುರಿಗೆ ನಿಲ್ಲಿಸಿದ. ಲೈವ್ ಶುರುವಾಯಿತು. ತಾನು ದ್ವೀಪವೆಲ್ಲಾ ಅಲೆದು ಈ ಜಾಗ ಪತ್ತೆ ಹಚ್ಚಿದೆ ಎಂದು ಹೇಳಿಕೊಂಡ. ಪೈಡಮ್ಮ ಎಲೆ ಹಾಕುತ್ತಾ ಬಂದಳು. ಗೋಪಾಲಪ್ಪನಿಗೆ ಹಾಕಿದಳು, ಲಕ್ಕಮ್ಮನಿಗೆ ಹಾಕಿದಳು, ಅನಿಲನನ್ನು ದಾಟಿ ಮುಂದೆ ಹೋದಳು. ಅನ್ನ ಬಂತು, ಅವನನ್ನು ದಾಟಿತು. ಪುಳುಸು ಬಂತು, ಅದೂ ದಾಟಿತು.

"ಅಮ್ಮಾ, ಇಲ್ಲಿ, ಇಲ್ಲಿ! ನನ್ನ ಮರೆತುಬಿಟ್ರು ನೋಡಿ ಗುರು" ಎಂದು ಅವನು ಕ್ಯಾಮೆರಾ ಕಡೆ ನಕ್ಕ.

ಪೈಡಮ್ಮ ಸೌಟು ಹಿಡಿದು ತಿರುಗಿದಳು. "ನೀಕು ಲೇದು" ಅಂದಳು.

ಅವನಿಗೆ ಅರ್ಥವಾಗಲಿಲ್ಲ. ಸುತ್ತ ನೋಡಿದ.

"ನಿಂಗಿಲ್ಲ ಅಂತ ಹೇಳ್ತಾವ್ರೆ" ಅಂದಳು ಪ್ರಮೋದಾ. ಎದ್ದು ಬಂದು ಅವನ ಎದುರಿಗೆ, ಕ್ಯಾಮೆರಾಕ್ಕೆ ಕಾಣುವಂತೆ ನಿಂತಳು. "ಯಾಕೆ ಅಂತ ನಾನ್ ಹೇಳ್ತೀನಿ. ನಾನು ಬಚ್ಚಲ್ ಸಾರಮ್ಮನ ಮಗಳು. ಮಾಕಳಿದುರ್ಗದ ಬೆಟ್ಟದ ಕೆಳಗೆ ನಮ್ಮಮ್ಮ ಹೋಟ್ಲು ಇಟ್ಟಿದ್ರು. ಸ್ವಲ್ಪ ತಡ್ಕೊ ಅಂದಿದ್ದಕ್ಕೆ ಅವ್ರ ಅನ್ನಾನ ರಸ್ತೆಗೆ ಉಗುದ್ಯಲ್ಲ, ನೆನಪಿದ್ಯಾ? ಅವತ್ತು ಉಗಿದಿದ್ದನ್ನ ಊರೆಲ್ಲಾ ನೋಡ್ತು. ಇವತ್ತು ನೀನು ಖಾಲಿ ನೆಲದ್ ಮುಂದೆ ಕೂತಿರೋದನ್ನೂ ಊರೆಲ್ಲಾ ನೋಡ್ಲಿ."

ಅನಿಲನ ಮುಖ ಬೂದಿಯಾಯಿತು. ಫೋನಿನ ಕಡೆ ಕೈ ಚಾಚಿದ. ಗೋಪಾಲಪ್ಪ ಅವನಿಗಿಂತ ಮೊದಲೇ ಎಡಗೈಯಲ್ಲಿ ಕೋಲನ್ನು ಎತ್ತಿ ಹಿಡಿದಿದ್ದರು. ಬಲಗೈ ಎಲೆಯಲ್ಲೇ ಇತ್ತು. "ಕೂತ್ಕೊಳಪ್ಪ, ಆಫ್ ಮಾಡ್ಬೇಡ. ನಾವ್ ಉಂಡು ಮುಗ್ಸೋವರ್ಗೂ ಓಡ್ಲಿ" ಅಂದರು.

ಅವನು ಕೂರಲಿಲ್ಲ. ಏನೋ ತೊದಲಿದ, ಎದ್ದ, ಓಣಿಯಲ್ಲಿ ತಲೆ ಬಗ್ಗಿಸಿ ನಡೆದುಹೋದ. ಅವನ ಬೆನ್ನು ಮರೆಯಾಗುವವರೆಗೂ ಗೋಪಾಲಪ್ಪ ಫೋನನ್ನು ಅತ್ತಲೇ ತಿರುಗಿಸಿ ಹಿಡಿದಿದ್ದರು. ಪ್ರಮೋದಾ ಬಂದು ತನ್ನ ಎಲೆಯ ಮುಂದೆ ಕೂತಳು. ಒಂದು ಅಗುಳೂ ಬಿಡದಂತೆ ಉಂಡಳು.

ಊರಿಗೆ ಬರುವಷ್ಟರಲ್ಲಿ ಆ ತುಣುಕು ಎಲ್ಲರ ಫೋನಿನಲ್ಲಿತ್ತು. ಜನ ಅನಿಲನಿಗೆ ಉಗಿದರು. ಅವನು ಕಣ್ಣೀರು ಹಾಕಿದ ವಿಡಿಯೊ ಬಿಟ್ಟ, ಅದಕ್ಕೂ ಉಗಿದರು. ಕರೆಯುತ್ತಿದ್ದ ಹೋಟೆಲಿನವರು ಕರೆಯುವುದನ್ನು ಬಿಟ್ಟರು. ಇತ್ತ ಮಾಕಳಿದುರ್ಗಕ್ಕೆ ಭಾನುವಾರ ಜನವೋ ಜನ. ಅಮ್ಮಯಮ್ಮನ ಕೈ ಸಾರು ಬೇಕು, ಅವಳ ಜೊತೆ ಒಂದು ಫೋಟೊ ಬೇಕು. ಅವಳು ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು.

"ಉಗೀರಿ ಅಂದಾಗ ಉಗುದ್ರು. ಈಗ ಕಾಲಿಗ್ ಬೀಳೋಕ್ ಬಂದವ್ರೆ. ಅವ್ರೇ ಇವ್ರು ಕಣಮ್ಮಿ" ಅಂದಳು. ಮಗಳು ಅಂಡಮಾನಿಗೆ ಹೋದದ್ದು ಕಂಪನಿ ಕೆಲಸಕ್ಕಲ್ಲ ಎಂದು ಅವಳಿಗೆ ಆಗಲೇ ತಿಳಿದಿತ್ತು. ಬೈಯಲಿಲ್ಲ, ಹೊಗಳಲೂ ಇಲ್ಲ. ಒಲೆಯೂ ಹತ್ತಲಿಲ್ಲ. ಇಷ್ಟೆಲ್ಲಾ ಮಾಡಿಯೂ ಅಮ್ಮನ ಮುಖದಲ್ಲಿ ಏನೂ ಬದಲಾಗಲಿಲ್ಲವಲ್ಲ ಎಂದು ಪ್ರಮೋದಾ ಒಳಗೊಳಗೇ ಕುದಿದಳು.

ಒಂದು ಬುಧವಾರ ಅನಿಲನೇ ಮನೆಯ ಮುಂದೆ ಬಂದು ನಿಂತ. ಸೊರಗಿದ್ದ. ಕೈಯಲ್ಲಿ ಹಣ್ಣಿನ ಚೀಲ. ಕ್ಷಮೆ ಕೇಳಲು ಬಂದಿದ್ದೇನೆ ಅಂದ. ಪ್ರಮೋದಾ ಅವನ ಕಾಲರಿನ ಒಳಗಡೆ ಕಡ್ಲೆಕಾಳಿನಷ್ಟು ದಪ್ಪದ ಕರಿ ಮೈಕನ್ನು ನೋಡಿದಳು. ಆಚೆ ರಸ್ತೆಯಲ್ಲಿ ನಿಂತ ಕಾರಿನ ಕಿಟಕಿಯಲ್ಲಿ ಒಂದು ಫೋನು ಇತ್ತ ತಿರುಗಿತ್ತು.

"ನಮ್ಮಮ್ಮನ ಹತ್ರ ಮಾತಾಡೋಕ್ ಬಂದ್ಯೋ, ಫೋನ್ ಹತ್ರ ಮಾತಾಡೋಕ್ ಬಂದ್ಯೋ?"

"ಅಕ್ಕ, ನಾನು ಸಾರಿ ಕೇಳಿದೀನಿ ಅಂತ ಜನಕ್ಕೆ ಗೊತ್ತಾಗ್ಬೇಕಲ್ವಾ..."

"ಅದನ್ನ ತೆಗಿ. ಆ ಕಾರನ್ನೂ ಕಳ್ಸು."

ಅವನು ಮೈಕು ಕಿತ್ತು ಜೇಬಿಗೆ ಹಾಕಿಕೊಂಡ. ಕಾರು ಹೊರಟುಹೋಯಿತು. ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲಾ ಆ ಮೈಕಿನ ಜೊತೆಯೇ ಹೋದಂತಿತ್ತು. ಅಷ್ಟರಲ್ಲಿ ಅಮ್ಮಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಒಂದ್ ಮಾತು ಕೇಳ್ತೀನಿ, ದಿಟ ಹೇಳಪ್ಪ. ಅವತ್ತು ಸಾರು ಚೆನ್ನಾಗಿರ್ಲಿಲ್ವಾ?"

ಅನಿಲ ನೆಲ ನೋಡಿದ. "ಚೆನ್ನಾಗಿತ್ತಮ್ಮ. ಉಗಿಯೋಣ ಅಂತ ಮೊದ್ಲೇ ಅಂದ್ಕೊಂಡ್ ಬಾಯಿಗ್ ಹಾಕ್ಕೊಂಡಿದ್ದೆ. ಆದ್ರೂ ರುಚಿ ಗೊತ್ತಾಯ್ತು. ಚೆನ್ನಾಗಿತ್ತು."

ಮೂರು ವರ್ಷ ಇಲ್ಲದ ಕೆಂಪು ಅಮ್ಮಯಮ್ಮನ ಮುಖಕ್ಕೆ ಏರಿತು. ಪ್ರಮೋದಾ ಅಮ್ಮನನ್ನು ಅಷ್ಟು ಸಿಟ್ಟಿನಲ್ಲಿ ನೋಡಿಯೇ ಇರಲಿಲ್ಲ.

"ಚೆನ್ನಾಗಿತ್ತು ಅಂತ ಗೊತ್ತಿದ್ದೂ! ಮೂರು ವರ್ಸ ನನ್ ಕೈಯಿ ಕೆಟ್ಟೋಯ್ತು ಅಂತ ಕೂತಿದ್ನಲ್ಲೋ ನಾನು! ಹೋಗು. ಆ ಹಣ್ಣೂ ತಗೊಂಡ್ ಹೋಗು. ನನ್ ಹೊಸ್ಲು ತುಳೀಬೇಡ."

ಅವನು ಹೋದ. ಹಣ್ಣಿನ ಚೀಲ ಮೆಟ್ಟಿಲ ಮೇಲೆ ಬಿಟ್ಟಿದ್ದ. ಪ್ರಮೋದಾ ಹಿಂದೆ ಓಡಿ ಹೋಗಿ ಅವನ ಕೈಗೇ ತುರುಕಿ ಬಂದಳು. ವಾಪಸು ಬಂದಾಗ ಅಮ್ಮ ಹಿತ್ತಲಿನಲ್ಲಿ ಸೌದೆ ಆರಿಸುತ್ತಿದ್ದಳು. "ಹುರುಳಿಕಾಳು ಎಲ್ಲಿಟ್ಟಿದ್ದೀಯೇ?" ಎಂದು ಕೇಳಿದಳು. ಅಂದು ಮಾಡಿದ ಬಸ್ಸಾರಿಗೆ ಉಪ್ಪು ಒಂದು ಚೂರು ಮುಂದಾಗಿತ್ತು. ಮುನೀಂದ್ರ ತುಟಿಪಿಟಕ್ಕೆನ್ನದೆ ಎರಡು ಮುದ್ದೆ ಉಂಡ.

ಆಮೇಲೆ ಹೋಟೆಲು ಮತ್ತೆ ತೆರೆಯಿತು. ಹಳಿ ರಿಪೇರಿಯವರು ಬರುತ್ತಾರೆ, ಊರಿನವರು ಬರುತ್ತಾರೆ. ಶನಿವಾರ ಭಾನುವಾರ ಬಾಗಿಲು ಹಾಕಿರುತ್ತದೆ. ಬೆಟ್ಟದಿಂದ ಇಳಿದು ಬಂದ ಬೆಂಗಳೂರಿನವರು ಹಸಿದ ಹೊಟ್ಟೆಯಲ್ಲಿ ಬಾಗಿಲು ತಟ್ಟಿದರೆ ಅಮ್ಮಯಮ್ಮ ಒಳಗೇ ಕೂತು ಅವರೆಕಾಯಿ ಸುಲಿಯುತ್ತಿರುತ್ತಾಳೆ, ಏಳುವುದಿಲ್ಲ.

"ಈಗಾದ್ರೂ ಸಮಾಧಾನ ಆಯ್ತೇನೇ?" ಎಂದು ಮುನೀಂದ್ರ ಒಮ್ಮೆ ಹೆಂಡತಿಯನ್ನು ಕೇಳಿದ.

ಪ್ರಮೋದಾ ಕಂಪನಿ ಬಸ್ಸಿಗೆ ಕಾಯುತ್ತಾ ಫೋನಿನಲ್ಲಿ ಅನಿಲನ ಹೊಸ ವಿಡಿಯೊ ನೋಡುತ್ತಿದ್ದಳು. ನೋಡಿದವರು ಬೆರಳೆಣಿಕೆಯಷ್ಟು ಜನ. "ಇನ್ನೂ ಸ್ವಲ್ಪ ಬಾಕಿ ಐತೆ" ಅಂದಳು.